ನಿಮಗಿದು ಗೊತ್ತೆ? ಜಪಾನಿನ ಮನೆಯಂಗಿ ‘ಹಂತೆನ್’

ಮಾಗಿಯ ಚಳಿಯಲ್ಲಿಯೂ ಇಡೀ ಮನೆಯನ್ನು ಕಾಯಿಸದೆ, ಕುಳಿತವರ ಮೈಯನ್ನಷ್ಟೇ ಬೆಚ್ಚಗಿರಿಸುವ ಪದ್ಧತಿಯನ್ನು ರೂಢಿಸಿಕೊಂಡಿದ್ದ ಜಪಾನೀಯರು, ಶತಮಾನಗಳ ಹಿಂದಿನ ಎದೊ ಕಾಲದಿಂದಲೂ ತೊಡುತ್ತ ಬಂದ, ಎರಡು ಪದರ ಬಟ್ಟೆಯ ನಡುವೆ ಹತ್ತಿ ತುಂಬಿದ ಮೊಟಕು ಅಂಗಿಗೆ ಹಂತೆನ್ ಎಂದು ಹೆಸರು. ಫುಕುಓಕ ಪ್ರಾಂತದ ಕುರುಮೆ ಸೀಮೆ ಇದಕ್ಕೆ ಪ್ರಖ್ಯಾತವಾದುದು. ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ, ನೀಲಿಯಲ್ಲಿ ಅದ್ದಿ, ಬಿಳಿಯ ಚಿತ್ತಾರ ಮೂಡುವಂತೆ ನೇಯುವ ಹಂತೆನ್ ಬಟ್ಟೆಗೂ ಬಳಕೆಯಾಗುವ ಅಲ್ಲಿಯ ಕಸುರಿ ವಿದ್ಯೆಗೆ ಮೂಲಳಾದ ಇನೊವೆ ದೆನ್ (1788–1869) ಆಗಿನ್ನೂ ಎಳೆಯ ಬಾಲಿಕೆಯೆಂಬುದು ನಿಜಕ್ಕೂ ವಿಸ್ಮಯಕರ.

ಹೊಲಿದ ಅಂಗಿಯನ್ನು ಒಳಮೈ ಹೊರಗಾಗಿ ಹಾಸಿ, ಹತ್ತಿಯ ತೆಳುಹಾಳೆಗಳನ್ನು ಬರಿಗೈಯಿಂದಲೇ ಪದರಪದರವಾಗಿ ಹರಡಿ, ಅಂಚುಗಳನ್ನು ಮಡಿಚಿ, ಅನಂತರ ಅಂಗಿಯನ್ನು ಮಗುಚಿ, ಹತ್ತಿ ಜಾರದಂತೆ ಅಲ್ಲಲ್ಲಿ ದಾರದ ಗಂಟು ಹಾಕುತ್ತಾರೆ. ಕೊರಳಪಟ್ಟಿ ಸಾಮಾನ್ಯವಾಗಿ ಕಪ್ಪು, ಕೊಳೆ ಬೇಗ ಕಾಣದಿರಲೆಂದು.

ವಿದ್ಯುತ್ ಹೀಟರುಗಳ ಕಾಲದಲ್ಲಿ ಅಜ್ಜ ಅಜ್ಜಿಯರ ಉಡುಪೆಂದು ಮೂಲೆ ಸೇರಿದ್ದ ಹಂತೆನ್, 2011ರ ಮಹಾಭೂಕಂಪದ ತರುವಾಯ ವಿದ್ಯುತ್ತಿನ ಮಿತವ್ಯಯ ಅನಿವಾರ್ಯವಾದಾಗ ಮತ್ತೆ ಜನರ ಹೆಗಲೇರಿತು. ಪೆಟ್ಟಿಗೆಯ ತಳದಿಂದ ತೆಗೆದು, ಬಿಸಿಲಿಗೆ ಹರವಿ ತೊಟ್ಟೊಡನೆ, ತಾಯಿಯ ಮಡಿಲಿನಂತೆ ಬೆನ್ನನ್ನೆಲ್ಲ ಆವರಿಸುವ ಅದರ ಹಗುರವಾದ ಬಿಸುಪು ಯಾವ ಯಂತ್ರಕ್ಕೂ ಎಟುಕದ ಸುಖ. ತೋಳುಗಳು ಮುಂಗೈಗಿಂತ ಮೇಲೆಯೇ ನಿಲ್ಲುವುದರಿಂದ, ಅದನ್ನು ತೊಟ್ಟೇ ಅಡುಗೆಯನ್ನೂ ಮಾಡಬಹುದು, ಓದುಬರಹಕ್ಕೂ ಕುಳಿತುಕೊಳ್ಳಬಹುದು.