ಒಂದೇ ತಿಂಗಳಲ್ಲಿ ಮಸಿ ಕಾರ್ಖಾನೆ, ಮಿಸ್ಡ್ ಕಾಲ್

ಟಿಪ್ಪು ಸುಲ್ತಾನನ ತಾಮ್ರದ ಕಾಸಿನ ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದಾದರೆ ‘ಪಟ್ಟಣ’ ಎಂದಿರುತ್ತದೆ. ಅವನೇ ತಂದ ಮೌಲೂದಿ ಶಕೆಯ ನಾಣ್ಯವಾದರೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ದೊರೆ ಶಕೆ ಬದಲಿಸಿದ, ಅಚ್ಚೂ ಬದಲಾಯಿತು. ಹೊಸ ಹಣವನ್ನು ಓದಲು ಕಲಿಯುವ ಪಾಡು ಪ್ರಜೆಗಳದ್ದು. 1799ರಲ್ಲಿ ಕೋಟೆ ಬಿತ್ತು, ಆ ಅಚ್ಚುಗಳ ಕಾಲ ಮುಗಿಯಿತು. ಈಗ ಪಕ್ಕದ ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ 1996ರಿಂದ ನೋಟು ಮುದ್ರಿಸುತ್ತಿದೆ. ಹಣದ ರೂಪ ಮತ್ತೆ ಬದಲಾಗುತ್ತಿರುವಾಗ ಆ ಬ್ಯಾಂಕಿನ ನಡೆ ಅರ್ಥವಾಗಬೇಕಾದರೆ 2022ರ ಮಾರ್ಚ್ ತಿಂಗಳೊಂದನ್ನೇ ನೋಡಿದರೆ ಸಾಕು. 8ರಂದು ಗವರ್ನರ್ ಶಕ್ತಿಕಾಂತ ದಾಸ್ ಕೀಪ್ಯಾಡ್ ಮೊಬೈಲಿಗಾಗಿ ‘ಯುಪಿಐ 123ಪೇ’ ಬಿಡುಗಡೆ ಮಾಡಿದರು. ಇಂಟರ್ನೆಟ್ ಬೇಡ, ಒಂದು ಮಿಸ್ಡ್ ಕಾಲ್ ಕೊಟ್ಟು, ತಿರುಗಿ ಬಂದ ಕರೆಯಲ್ಲಿ ಪಿನ್ ಒತ್ತಿದರೂ ಹಣ ಸಂದಾಯವಾಗುತ್ತದೆ. 24ರಂದು ಬೆಂಗಳೂರಿನಲ್ಲಿ ಹೊಸ ತಂತ್ರಜ್ಞಾನಕ್ಕಾಗಿ ಬ್ಯಾಂಕಿನದೇ ಇನ್ನೊವೇಷನ್ ಹಬ್ ಉದ್ಘಾಟನೆ. 28ರಂದು ಮೈಸೂರಿನಲ್ಲಿ ‘ವರ್ಣಿಕಾ’, ವರ್ಷಕ್ಕೆ 1,500 ಟನ್ ಸಾಮರ್ಥ್ಯದ ನೋಟಿನ ಮಸಿ ಕಾರ್ಖಾನೆ.

ಎಲ್ಲರೂ ಫೋನಿನಲ್ಲೇ ಹಣ ಕೊಡುವಾಗ ಮಸಿಗೆ ದುಡ್ಡು ಸುರಿಯುವುದೇಕೆ ಎಂಬ ಆಕ್ಷೇಪ ಸಹಜ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2016ರ ನೋಟು ರದ್ದತಿಗೆ ಮೊದಲು ಚಲಾವಣೆಯಲ್ಲಿದ್ದ ನಗದು ಸುಮಾರು 17.7 ಲಕ್ಷ ಕೋಟಿ ರೂಪಾಯಿ, 2022ರ ಮಾರ್ಚ್ ಹೊತ್ತಿಗೆ 31 ಲಕ್ಷ ಕೋಟಿ. ಯುಪಿಐ ಬೆಳೆಯಿತು, ನೋಟೂ ಬೆಳೆಯಿತು. ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಲ್ಲಿ ಹಾಲಿನ ಬಟವಾಡೆ ಖಾತೆಗೇ ಬೀಳುತ್ತದೆ. ಪಾಂಡವಪುರದಲ್ಲಿ ಕಬ್ಬು ಕಡಿದವರ ಕೂಲಿಯನ್ನು ಸಂಜೆ ಕೈಗೇ ಕೊಡಬೇಕಾಗುತ್ತದೆ. ಎರಡೂ ದಾರಿ ತೆರೆದಿಟ್ಟದ್ದು ಹಿಂಜರಿಕೆಯಲ್ಲ, ವಿವೇಕ. ಹೊಸ ತಂತ್ರಜ್ಞಾನಕ್ಕೆ ಅಡ್ಡ ನಿಲ್ಲದೆ, ಅದು ಕೈಗೆಟುಕದವರನ್ನು ಬಿಟ್ಟುಹೋಗದಂತೆ ನೋಡಿಕೊಳ್ಳುವುದೇ ಕೇಂದ್ರ ಬ್ಯಾಂಕಿನ ಕೆಲಸ.

ಆದರೆ ತಡವಾಯಿತು ಎಂಬ ದೂರು ನ್ಯಾಯವಾದದ್ದೇ. ಯುಪಿಐ ಬಂದದ್ದು 2016ರ ಏಪ್ರಿಲ್‌ನಲ್ಲಿ. ದೇಶದ 40 ಕೋಟಿಗೂ ಹೆಚ್ಚು ಕೀಪ್ಯಾಡ್ ಮೊಬೈಲಿನವರು ಆರು ವರ್ಷ ಕಾಯಬೇಕಾಯಿತು. 2012ರಲ್ಲೇ ಬಂದಿದ್ದ, ಇಂಟರ್ನೆಟ್ ಬೇಡದ *99# ಸೇವೆ ಆ ಕೊರತೆ ತುಂಬಿತ್ತಲ್ಲ ಎನ್ನಬಹುದು. ಮೆನು ಮೇಲೆ ಮೆನು ಒತ್ತುವ ಆ ತೊಡಕಿನ ದಾರಿ ಜನರ ರೂಢಿಗೆ ಬರಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ 123ಪೇ ಮಿತಿಯನ್ನು 5,000ದಿಂದ 10,000 ರೂಪಾಯಿಗೆ ಏರಿಸಲು ರಿಸರ್ವ್ ಬ್ಯಾಂಕ್ ನಿರ್ಧರಿಸಿತು. ಮಿತಿ ಏರಿಸಿದರಷ್ಟೇ ಸಾಲದು. ಊರೂರಿನ ಹಾಲಿನ ಡೇರಿ, ಸಹಕಾರ ಸಂಘಗಳಲ್ಲಿ ಬ್ಯಾಂಕಿನವರು ಕೂತು ಇದನ್ನು ಕನ್ನಡದಲ್ಲಿ ಕಲಿಸಿಕೊಡಲಿ.