ಈಜುಕೊಳದ ಒಳಮೈ: ಅಂದಕ್ಕಿಂತ ಮೊದಲು ನೀರಿನ ಲೆಕ್ಕ

ನಮ್ಮ ಸಮಾಜದ ಅನೇಕ ಕುಟುಂಬಗಳು ಊರ ಹೊರಗಿನ ತೋಟದಲ್ಲಿ ಮನೆ ಕಟ್ಟಿಸುತ್ತಿವೆ. ಮನೆಯ ಜೊತೆಗೆ ಮಕ್ಕಳಿಗಾಗಿ ಒಂದು ಈಜುಕೊಳವೂ ಇರಲಿ ಎಂಬ ಆಸೆ ಹಲವರಿಗಿದೆ. ಸೋಲಾಪುರದಲ್ಲಿ ಎರಡು ತಲೆಮಾರಿನಿಂದ ನಾವು ಫರಸಿ, ಟೈಲ್ಸು, ಸಿಮೆಂಟಿನ ವ್ಯಾಪಾರ ಮಾಡಿಕೊಂಡು ಬಂದಿದ್ದೇವೆ. ಅಂಗಡಿಗೆ ಬರುವ ಗಿರಾಕಿಗಳ ಮೊದಲ ಪ್ರಶ್ನೆ ಒಂದೇ: "ಕೊಳದ ಒಳಗೆ ಯಾವ ಬಣ್ಣ ಚಂದ ಕಾಣುತ್ತದೆ?" ಒಂದು ಕಾಲಕ್ಕೆ ನಾವೂ ಚಂದವನ್ನೂ ಉಳಿತಾಯವನ್ನೂ ಮಾತ್ರ ನೋಡಿ ಕೆಟ್ಟವರು. ಆ ಅನುಭವ ಓದುಗ ಬಾಂಧವರಿಗೆ ಉಪಯೋಗವಾಗಲೆಂದು ಈ ಲೇಖನ.

2013ರಲ್ಲಿ ಜತ್ತ ತಾಲೂಕಿನ ನಮ್ಮ ತೋಟದಲ್ಲಿ ಕೊಳ ಕಟ್ಟಿಸಿದೆವು. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳ. ಅಂಗಡಿಯಲ್ಲಿ ಬಚ್ಚಲುಮನೆ ಗೋಡೆಯ ಹೊಳಪಿನ ಟೈಲ್ಸು ಉಳಿದಿದ್ದವು. ಮನೆಯ ಮಾಲು, ಖರ್ಚು ಉಳಿಯಿತು ಎಂದು ಅವನ್ನೇ ಕೂರಿಸಿ ಹಿಗ್ಗಿದೆವು. ಎರಡು ವರ್ಷದೊಳಗೆ ಟೈಲ್ಸು ಉಬ್ಬಿ ಕಳಚತೊಡಗಿದವು. 2016ರ ಮಾರ್ಚಿನಲ್ಲಿ ಒಡೆದ ಅಂಚು ತಗಲಿ ನಮ್ಮ ಮೊಮ್ಮಗಳ ಅಂಗಾಲು ಸೀಳಿತು; ನಾಲ್ಕು ಹೊಲಿಗೆ ಬಿದ್ದವು. ಅಂದೇ ಗಾಬರಿಯಲ್ಲಿ ಕೊಳದ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟೆವು. ಕಿತ್ತ ಜಾಗಕ್ಕೆ ಅದೇ ಟೈಲ್ಸನ್ನು ಮತ್ತೆ ಕೂರಿಸಿ, ನೀರಿಗಾಗಿ ಟ್ಯಾಂಕರ್‌ಗೆ ಹೇಳಿಕಳಿಸಿದೆವು.

ಆ ಬೇಸಿಗೆಯನ್ನು ನಮ್ಮ ಕಡೆಯವರು ಮರೆತಿರಲಾರರು. ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಮೊದಲ ಗಾಡಿಯ 10 ವ್ಯಾಗನ್‌ಗಳಲ್ಲಿ ಇದ್ದದ್ದು ಸುಮಾರು 5 ಲಕ್ಷ ಲೀಟರ್. ಅದೇ ವಾರ ನಮ್ಮ ತೋಟಕ್ಕೆ ಮೊದಲ ಟ್ಯಾಂಕರ್ ತಂದ ಹುಡುಗ ಬರಿದಾದ ಕೊಳ ನೋಡಿ ಕೇಳಿದ: "ಅಣ್ಣಾರ, ಮೊದಲಿನ ನೀರ ಎಲ್ಲಿ ಹೋತ್ರೀ?"

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ಆದರೆ ನೀರನ್ನು ಸೋಸಿ, ಬೇಕಾದಷ್ಟೇ ಬಳಸಬೇಕೆಂದು ಹಿರಿಯರಿಂದ ಕಲಿತ ಮನೆ ನಮ್ಮದು. ಉತ್ತರ ಹೊಳೆಯಲಿಲ್ಲ. ರಾತ್ರಿ ಕುಳಿತು ಲೆಕ್ಕ ಹಾಕಿದೆವು. ನಮ್ಮ ಕೊಳದ ನೀರು 67,500 ಲೀಟರ್. 10,000 ಲೀಟರಿನ ಟ್ಯಾಂಕರ್ ಆದರೆ ಹೆಚ್ಚುಕಡಿಮೆ ಏಳು ಖೇಪು. ಲಾತೂರಿನ ರೈಲಿನ ಒಂದು ವ್ಯಾಗನ್ನಿಗಿಂತ ಹೆಚ್ಚು! ಬಂದಿದ್ದ ಟ್ಯಾಂಕರಿನ ನೀರನ್ನು ಪಕ್ಕದ ವಸ್ತಿಯ ದನಗಳ ತೊಟ್ಟಿಗೆ ಬಿಡಿಸಿದೆವು. ಉಳಿದ ಖೇಪು ಬೇಡವೆಂದೆವು. ಮಕ್ಕಳು, ದನಕರು ಬೀಳದಂತೆ ಖಾಲಿ ಕೊಳದ ಸುತ್ತ ಬೇಲಿ ಕಟ್ಟಿಸಿದೆವು. ಮಳೆಗಾಲದವರೆಗೆ ಸಿಕ್ಕ ಸಮಯದಲ್ಲಿ, ಮೊದಲೇ ತಿಳಿಯಬೇಕಾದದ್ದನ್ನು ತಿಳಿದುಕೊಂಡೆವು. ಕೊಳವನ್ನು ಎಷ್ಟು ಸಲ ಬರಿದು ಮಾಡಬೇಕು ಎಂಬುದನ್ನು ಬಹುಮಟ್ಟಿಗೆ ಒಳಮೈಯೇ ನಿರ್ಧರಿಸುತ್ತದೆ.

ನಮ್ಮ ತಪ್ಪು ಎಲ್ಲಿತ್ತು?

ಗೋಡೆಯ ಟೈಲ್ಸಿನ ಹೊಳಪು ಮೇಲಿನ ತೆಳು ಪದರದಲ್ಲಿ ಮಾತ್ರ. ಒಳಗಿನ ಮಣ್ಣು ತನ್ನ ತೂಕದ ನೂರಕ್ಕೆ 10 ಭಾಗಕ್ಕಿಂತ ಹೆಚ್ಚು ನೀರು ಹೀರುತ್ತದೆ. ಸದಾ ನೀರಿನಲ್ಲಿದ್ದರೆ ಅದು ಉಬ್ಬದೆ ಇರದು. ಪೋರ್ಸೆಲಿನ್ ಟೈಲ್ಸು ಹೀರುವುದು ನೂರಕ್ಕೆ ಅರ್ಧ ಭಾಗ ಅಥವಾ ಅದಕ್ಕೂ ಕಡಿಮೆ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಗುಂಪಿನ ಗುರುತು ನೋಡಬೇಕು: ‘ಬಿ ಒನ್ ಎ’ ಎಂದಿದ್ದರೆ ಕೊಳಕ್ಕೆ ಸಲ್ಲುತ್ತದೆ, ‘ಬಿ ಥ್ರೀ’ ಎಂದಿದ್ದರೆ ಅದು ಗೋಡೆಗೇ ಇರಲಿ.

ಯಾವುದಕ್ಕೆ ಯಾವ ಗುಣ?

ಶಹಾಬಾದಿ ಫರಸಿ: ನಮ್ಮ ಕಡೆಯ ಹಳೆಯ ಮನೆಗಳ ನೀರಿನ ಟಾಕಿಗಳಲ್ಲಿ ಇದನ್ನು ಕಂಡವರು ಕೊಳಕ್ಕೂ ಕೇಳುತ್ತಾರೆ. ಇದು ಸುಣ್ಣದ ಕಲ್ಲು. ಕೊಳದ ನೀರು ಆಮ್ಲದ ಕಡೆ ವಾಲಿದರೆ ಸವೆಯುತ್ತದೆ. ಆ್ಯಸಿಡ್ ಹಾಕಿ ತೊಳೆದರೆ ಇನ್ನೂ ಬೇಗ.

ಬಿಳಿ ಸಿಮೆಂಟು ಮತ್ತು ಅಮೃತಶಿಲೆ ಪುಡಿಯ ಗಿಲಾವು: ಖರ್ಚು ಕಡಿಮೆ, ನೋಟ ತಿಳಿ. ಆದರೆ ನಮ್ಮ ಬೋರಿನ ಗಡಸು ನೀರು ಇದರ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ತೆಗೆಯಲು ಕೊಳ ಬರಿದು ಮಾಡಿ ಆ್ಯಸಿಡ್‌ನಿಂದ ತೊಳೆಯಬೇಕು. ಪ್ರತಿ ಸಲವೂ ಗಿಲಾವಿನ ಒಂದು ತೆಳು ಪದರ ಹೋಗುತ್ತದೆ. ಸಾಮಾನ್ಯವಾಗಿ 10 ವರ್ಷದ ಆಸುಪಾಸಿನಲ್ಲಿ ಹೊಸ ಗಿಲಾವು ಬೇಕಾಗುತ್ತದೆ.

ಎಪಾಕ್ಸಿ ಬಣ್ಣ: ಬಳಿಯುವಾಗ ಗೋಡೆಯಲ್ಲಿ ಸ್ವಲ್ಪವೂ ತೇವ ಇರಬಾರದು. ಬಿಸಿಲಿಗೆ ಮಂಕಾಗಿ ಪುಡಿಯಾಗುತ್ತದೆ. ಕೆಲವೇ ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಅಂದರೆ ಮತ್ತೆ ಬರಿದು.

ಪಿವಿಸಿ ಹಾಳೆ: ಒಳಗೆ ನೂಲಿನ ಜಾಲ ಇರುವ, ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆ ಒಳ್ಳೆಯದು. ಕೆಲಸ ಬೇಗ ಮುಗಿಯುತ್ತದೆ. ಸಣ್ಣ ಹರಿಕಿಗೆ ನೀರಿನೊಳಗೇ ತೇಪೆ ಹಾಕಬಹುದು. ಚೂಪು ವಸ್ತುಗಳಿಂದ ಕಾಪಾಡಬೇಕು. ಹಳತಾದಾಗ ಪೂರ್ತಿ ಹಾಳೆ ಬದಲಿಸಬೇಕು.

ಪೋರ್ಸೆಲಿನ್ ಅಥವಾ ಗಾಜಿನ ಮೊಸಾಯಿಕ್: ಮೊದಲ ಖರ್ಚು ಹೆಚ್ಚು, ಆಯುಷ್ಯವೂ ಹೆಚ್ಚು. ಇದರ ದೌರ್ಬಲ್ಯ ಸಂದುಗಳಲ್ಲಿದೆ. ಸಿಮೆಂಟಿನ ಗ್ರೌಟನ್ನು ಆಮ್ಲದ ನೀರು ತಿನ್ನುತ್ತದೆ. ಎಪಾಕ್ಸಿ ಗ್ರೌಟ್ ತಾಳಿಕೊಳ್ಳುತ್ತದೆ. ಅಂಟಿಸಲು ಬರಿಯ ಸಿಮೆಂಟ್ ಹಾಲು ಸಾಲದು. ನೀರಿನೊಳಗಿನ ಕೆಲಸಕ್ಕೆಂದೇ ಮಾಡಿದ ಅಂಟು ಬೇಕು. ಹಿಂದೆ ಜಾಳಿಗೆ ಇರುವ ಹಾಳೆಗಿಂತ ಮುಂದೆ ಕಾಗದ ಅಂಟಿಸಿದ ಹಾಳೆ ಮೇಲು. ಅದರ ಬೆನ್ನು ಪೂರ್ತಿ ಅಂಟಿನಲ್ಲಿ ಕೂರುತ್ತದೆ.

ಬಣ್ಣದ ಮಾತು

ಕಡುನೀಲಿ, ಕಪ್ಪು ತಳ ಹೋಟೆಲಿನ ಚಿತ್ರದಲ್ಲಿ ಚಂದ. ಆದರೆ ಮುಳುಗುತ್ತಿರುವ ಮಗು ಅದರಲ್ಲಿ ಎದ್ದು ಕಾಣುವುದಿಲ್ಲ. ಮಕ್ಕಳಿರುವ ಮನೆಗೆ ಬಿಳಿ ಅಥವಾ ತಿಳಿನೀಲಿ ತಳವೇ ಇರಲಿ. ಮೆಟ್ಟಿಲಿಗೂ ಅಂಚಿಗೂ ಜಾರದ ಒರಟು ಟೈಲ್ಸು ಹಾಕಿ, ಮೆಟ್ಟಿಲಿನ ತುದಿಗೆ ಮಾತ್ರ ಗಾಢ ಬಣ್ಣದ ಪಟ್ಟಿ ಕೊಡಿ.

ಕೊಳ ಕಟ್ಟಿಸಿದ ಮೇಲೆ

ಒಳಮೈ ಎಷ್ಟೇ ಒಳ್ಳೆಯದಿದ್ದರೂ ನೀರಿನ ಗುಣ ಕಾಯದಿದ್ದರೆ ಉಳಿಯದು. ಪಿಎಚ್ 7.2ರಿಂದ 7.8ರೊಳಗೆ ಇರಲಿ. ನೀರು ಇಳಿಯುತ್ತಿದ್ದರೆ ಸೋರಿಕೆಯೆಂದು ಒಮ್ಮೆಲೇ ಬರಿದು ಮಾಡಬೇಡಿ. ಒಂದು ಬಕೆಟ್ಟಿಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟು, ಬಕೆಟ್ಟಿನ ಒಳಗೂ ಕೊಳದ ಗೋಡೆಗೂ ನೀರಿನ ಮಟ್ಟದ ಗುರುತು ಹಾಕಿರಿ. ಮರುದಿನ ಎರಡೂ ಸಮನಾಗಿ ಇಳಿದಿದ್ದರೆ ನೀರು ಬಿಸಿಲಿಗೆ ಆರಿದೆ. ಕೊಳದ್ದು ಹೆಚ್ಚು ಇಳಿದಿದ್ದರೆ ಮಾತ್ರ ಸೋರಿಕೆ. ಮಳೆಗಾಲದಲ್ಲಿ ಕೊಳವನ್ನು ಬರಿದು ಬಿಡಲೇಬಾರದು. ನೆಲದೊಳಗಿನ ನೀರು ಏರಿ ಖಾಲಿ ಕೊಳವನ್ನು ಕೆಳಗಿನಿಂದ ಎತ್ತಿ ಸೀಳುವುದುಂಟು. ಬರಿದು ಮಾಡಲೇಬೇಕಾದಾಗ ಕೆಲವು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿ, ಅದರ ವಾಸನೆ ಹೋದ ಮೇಲೆ ನೀರನ್ನು ಗಿಡಮರಗಳಿಗೆ ಬಿಡಿ. ನಾವು 2016ರಲ್ಲಿ ಮಾಡದೆ ಹೋದ ಕೆಲಸ ಅದು.

ಮುಂಗಾರು ಬೀಳುವ ಮೊದಲೇ ಹಳೆಯ ಟೈಲ್ಸನ್ನೆಲ್ಲ ಕೀಳಿಸಿ, ತಿಳಿನೀಲಿ ಪೋರ್ಸೆಲಿನ್ ಮೊಸಾಯಿಕ್ ಹಾಕಿಸಿ, ಎಪಾಕ್ಸಿಯಿಂದ ಸಂದು ತುಂಬಿಸಿದೆವು. ಉಳಿತಾಯವೆಂದುಕೊಂಡ ಮನೆಯ ಮಾಲಿನ ಲೆಕ್ಕ ಕೊನೆಗೆ ದುಪ್ಪಟ್ಟಿಗೂ ಮೇಲಾಯಿತು. ಮಳೆ ಬಂದು ಬಾವಿಗೆ ನೀರು ಏರಿದ ಮೇಲೆಯೇ ಕೊಳ ತುಂಬಿಸಿದೆವು. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಅದನ್ನು ಬರಿದು ಮಾಡಿಲ್ಲ.

ಈಗ ಗಿರಾಕಿಗಳು ಬಣ್ಣದ ಪಟ್ಟಿ ಕೇಳಿದರೆ ಮೊದಲು ಕುರ್ಚಿ ಕೊಟ್ಟು ಕೂರಿಸುತ್ತೇವೆ. ಉದ್ದ, ಅಗಲ, ಆಳ ಕೇಳಿ, ಕೊಳ ಎಷ್ಟು ಟ್ಯಾಂಕರ್ ನೀರು ಹಿಡಿಯುತ್ತದೆಂದು ಕಾಗದದ ಮೇಲೆ ಬರೆದು ಕೊಡುತ್ತೇವೆ. ಅದನ್ನು ನೋಡಿ ಕೊಳವೇ ಬೇಡವೆಂದು ಎದ್ದುಹೋದವರೂ ಇದ್ದಾರೆ. ವ್ಯಾಪಾರ ತಪ್ಪಿತೆಂದು ನಮಗೆ ಬೇಸರವಾಗಿಲ್ಲ.