ಕಾರಣ ಹೇಳದ ಮೈನಸ್

ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆಲ್ಲ ಪರಿಚಿತವಾದ ಒಂದು ಜಗಲಿಯಿದೆ. ಹೆಸರು ಸ್ಟ್ಯಾಕ್ ಓವರ್‌ಫ್ಲೋ. ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್‌ಸ್ಕಿ ಎಂಬಿಬ್ಬರು 2008ರಲ್ಲಿ ಆರಂಭಿಸಿದ ಈ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಪ್ರಶ್ನೆ ಹಾಕಬಹುದು. ಬಲ್ಲವರು ಬಿಟ್ಟಿಯಾಗಿ ಉತ್ತರಿಸುತ್ತಾರೆ. ಪ್ರಶ್ನೆ ಉಪಯುಕ್ತವೆನಿಸಿದ ಓದುಗ ಮೇಲ್ಮುಖ ಬಾಣ ಒತ್ತಿದರೆ ಕೇಳಿದವರ ಖಾತೆಗೆ 10 ಅಂಕ. ಕೆಳಮುಖ ಬಾಣ ಒತ್ತಿದರೆ 2 ಅಂಕ ಖೋತಾ. ಇದೇ ‘ಡೌನ್‌ವೋಟ್’. ಒತ್ತಿದವರು ಯಾರೆಂದು ತಿಳಿಯುವುದಿಲ್ಲ. ಏಕೆಂದು ಹೇಳುವ ಕಡ್ಡಾಯವೂ ಅವರಿಗಿಲ್ಲ.

ನಮ್ಮ ಚಿಂತಾಮಣಿಯಂಥ ಊರಿನ ಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾಗೋ ಬಿಸಿಎಗೋ ಸೇರಿ, ಇಂಗ್ಲಿಷ್ ವಾಕ್ಯವನ್ನು ಮೂರು ಸಲ ತಿದ್ದಿ ಧೈರ್ಯ ಮಾಡಿ ಕೇಳಿರುತ್ತಾರೆ. ಹತ್ತು ನಿಮಿಷದಲ್ಲಿ ಮೈನಸ್ ಮೂರು! “ಏನು ತಪ್ಪು ಅಂತ ಹೇಳೋರೂ ಇಲ್ಲ ಸಾರ್” ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಮುಂದಿಟ್ಟಳು. “ಅಂಥ ಕಡೆ ಯಾಕಮ್ಮ ಕೇಳೋಕೆ ಹೋಗ್ತೀಯ?” ಎಂದು ಅವಳ ತಂದೆ ಗದರಿದ್ದರಂತೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಡಾ. ಎಚ್. ನರಸಿಂಹಯ್ಯನವರು (1920–2005) ಭೌತಶಾಸ್ತ್ರದ ಮೇಷ್ಟ್ರಾಗಿ ಜೀವಮಾನವೆಲ್ಲ ಪ್ರಶ್ನೆ ಕೇಳುವುದನ್ನೇ ಕಲಿಸಿದರು. ಅವರ ಸೀಮೆಯಲ್ಲಿ ತಂದೆಯೊಬ್ಬರು ‘ಕೇಳಬೇಡ’ ಎನ್ನುವುದೇ?

ಹಾಗೆ ನೋಡಿದರೆ ಕಾರಣ ಹೇಳದ ತೀರ್ಪು ನಮ್ಮ ಭಾಗದ ರೈತ ಪಾಲಕರಿಗೆ ಹೊಸದೇನಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೀಲರ್ ಬಂದು ನಾಲ್ಕು ಗೂಡು ಕೈಗೆತ್ತಿಕೊಳ್ಳುತ್ತಾನೆ, ಅಲುಗಾಡಿಸುತ್ತಾನೆ, ಬೆರಳಲ್ಲಿ ಒತ್ತಿ ನೋಡುತ್ತಾನೆ, ಮುಂದಿನ ಲಾಟಿಗೆ ಹೋಗುತ್ತಾನೆ. ಹರಾಜಿನಲ್ಲಿ ಪಕ್ಕದ ಲಾಟಿಗಿಂತ ಕಡಿಮೆ ದರ ಬಂದರೆ ಏಕೆಂದು ಬರೆದುಕೊಡುವವರು ಯಾರೂ ಇಲ್ಲ. ಅನುಭವಸ್ಥ ರೈತ ರೀಲರನ ಹಿಂದೆ ಓಡುವುದಿಲ್ಲ. ತನ್ನ ಗೂಡನ್ನೇ ಮತ್ತೊಮ್ಮೆ ನೋಡುತ್ತಾನೆ. ಜೋಡಿ ಗೂಡು ಹೆಚ್ಚಾಯಿತೇ? ಕಲೆ ಹತ್ತಿದೆಯೇ? ಹುಳು ಗೂಡು ಕಟ್ಟುವಾಗ ಮನೆಯಲ್ಲಿ ತೇವವಿತ್ತೇ? ಎಷ್ಟೋ ಸಲ ಗೂಡಿನಲ್ಲಿ ಏನೂ ಕೊರತೆ ಇರುವುದಿಲ್ಲ, ಅಂದು ಮಾರುಕಟ್ಟೆಗೆ ಆವಕ ಜಾಸ್ತಿ, ಅಷ್ಟೇ.

ಪರೀಕ್ಷೆಯ ಅಂಕದ ಮಾತು ಬೇರೆ ಎನ್ನಿ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕು ಕಾಯ್ದೆಯಡಿ ಪರೀಕ್ಷಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತೀರ್ಪಿತ್ತಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಶುಲ್ಕ ಕಟ್ಟಿ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನ ಕೇಳುತ್ತಾರೆ. ಮಗುವಿನ ಭವಿಷ್ಯ ನಿರ್ಧರಿಸುವ ಮಂಡಳಿ ಲೆಕ್ಕ ಒಪ್ಪಿಸಲೇಬೇಕು. ಪುಕ್ಕಟೆ ಓದಿದ ಅಪರಿಚಿತನಿಗೆ ಆ ಹೊಣೆ ಹೊರಿಸಲಾಗದು. ಹೆಸರು, ಕಾರಣ ಬಹಿರಂಗವಾದರೆ ಸೇಡಿನ ಮೈನಸ್ ಬೀಳುತ್ತದೆ, ಜಗಳ ಬೆಳೆಯುತ್ತದೆ ಎಂಬುದು ಗುಟ್ಟಿನ ಮತದ ಪರವಾದ ವಾದ. ನಮ್ಮ ಚುನಾವಣೆಯ ಮತವೂ ಗುಟ್ಟಿನದೇ ತಾನೇ?

ಇಷ್ಟಾದರೂ, ಮೊದಲ ಸಲ ಕೇಳುವವರಿಗೆ ಒಂದು ಸಾಲು ಬರೆಯುವ ಸೌಜನ್ಯ ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಹೊಸಬರಿಗೆ, ಅದರಲ್ಲೂ ಮಹಿಳೆಯರಿಗೆ ತಮ್ಮ ತಾಣ ಒರಟಾಗಿ ಕಾಣುತ್ತದೆ ಎಂದು ಸ್ಟ್ಯಾಕ್ ಓವರ್‌ಫ್ಲೋದವರೇ 2018ರಲ್ಲಿ ಒಪ್ಪಿಕೊಂಡಿದ್ದರು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅದರಲ್ಲಿದ್ದುದು ಕಂಪ್ಯೂಟರ್ ಪರದೆಯ ಒಂದು ಫೋಟೊ. ಕೆಳಗೆ ‘ಕೆಲಸ ಮಾಡುತ್ತಿಲ್ಲ, ತುರ್ತು ಸಹಾಯ ಬೇಕು’ ಎಂಬರ್ಥದ ಒಂದು ಸಾಲು. ಕೆಳಮುಖ ಬಾಣದ ಮೇಲೆ ಮೌಸ್ ಇಟ್ಟರೆ ತಾಣವೇ ಸಾಮಾನ್ಯ ಕಾರಣಗಳನ್ನು ತೋರಿಸುತ್ತದೆ: ಕೇಳುವ ಮುನ್ನ ಹುಡುಕಿಲ್ಲ, ಪ್ರಶ್ನೆ ಸ್ಪಷ್ಟವಿಲ್ಲ, ಉಪಯೋಗವಿಲ್ಲ. ಫೋಟೊದಲ್ಲಿರುವ ಪ್ರೋಗ್ರಾಮನ್ನು ಯಾರೂ ನಕಲು ಮಾಡಿ ಓಡಿಸಿ ನೋಡಲಾರರು. ‘ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದೆಯಲ್ಲ, ಹಾಗೆ ಬರೆ’ ಎಂದೆ. ಉದ್ದೇಶವೇನು, ಮಾಡಿದ್ದೇನು, ಬರಬೇಕಾಗಿದ್ದ ಫಲಿತಾಂಶವೇನು, ಬಂದದ್ದೇನು, ಯಂತ್ರ ಕೊಟ್ಟ ದೋಷಸಂದೇಶ ಅಕ್ಷರಶಃ ಏನು. ಸಂಬಂಧವಿಲ್ಲದ ಸಾಲುಗಳನ್ನು ಒಂದೊಂದಾಗಿ ತೆಗೆಯಲು ಹೇಳಿದೆ. ಅರವತ್ತು ಸಾಲಿನ ಪ್ರೋಗ್ರಾಮ್ ನಾಲ್ಕು ಸಾಲಿಗೆ ಇಳಿದಾಗ ತಪ್ಪು ಅವಳ ಕಣ್ಣಿಗೇ ಬಿತ್ತು. ಪೈಥಾನ್ ಭಾಷೆಯ ಈಗಿನ ಆವೃತ್ತಿಯಲ್ಲಿ ‘ಇನ್‌ಪುಟ್’ ಆಜ್ಞೆ ಕೀಲಿಮಣೆಯಿಂದ ಬಂದುದನ್ನೆಲ್ಲ ಅಕ್ಷರಗಳೆಂದೇ ಭಾವಿಸುತ್ತದೆ. 18 ಎಂದು ಒತ್ತಿದರೂ ಅದು ಒಂದು ಮತ್ತು ಎಂಟು ಎಂಬ ಎರಡು ಅಕ್ಷರ, ಸಂಖ್ಯೆಯಲ್ಲ. ವಯಸ್ಸು 18ಕ್ಕಿಂತ ಹೆಚ್ಚೇ ಎಂದು ಕೇಳಿದರೆ ಅಕ್ಷರವನ್ನು ಸಂಖ್ಯೆಯೊಡನೆ ಹೋಲಿಸಲಾರೆ ಎನ್ನುತ್ತದೆ. ಪರದೆಯ ಕೆಂಪು ಸಾಲು ಹೇಳಿದ್ದೂ ಅದನ್ನೇ!

ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆ ಬಂದ ಮೇಲೆ ಬಹಳ ಮಕ್ಕಳು ಅದನ್ನೇ ಕೇಳುತ್ತಾರೆ. ಅದು ಮೈನಸ್ ಕೊಡುವುದಿಲ್ಲ, ಬೇಸರಿಸುವುದೂ ಇಲ್ಲ. ಆದರೆ ತಪ್ಪು ಉತ್ತರವನ್ನೂ ಅಷ್ಟೇ ಸಲೀಸಾಗಿ ಹೇಳಿಬಿಡುತ್ತದೆ. ಅಂಥ ಉತ್ತರಗಳನ್ನು ತಂದು ಹಾಕುವುದನ್ನು ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ನಿಷೇಧಿಸಿತು.

ಮೈನಸ್ ಬಿದ್ದವರಿಗೆ ಇನ್ನೆರಡು ಮಾತು. ‘ಯಾರು ಹಾಕಿದ್ದು?’ ಎಂದು ಕೆಳಗೆ ಬರೆಯಬೇಡಿ. ಉತ್ತರವಂತೂ ಬಾರದು, ಇನ್ನೆರಡು ಮೈನಸ್ ಬಂದೀತು. ಸಿಟ್ಟಿನಲ್ಲಿ ಪ್ರಶ್ನೆ ಅಳಿಸಿ ಮತ್ತೆ ಹಾಕುವುದೂ ಬೇಡ. ಕಳಪೆ ಅಂಕದ ಪ್ರಶ್ನೆಗಳು ಹೆಚ್ಚಾದ ಖಾತೆಗೆ ತಾಣ ಪ್ರಶ್ನೆ ಕೇಳುವ ಅವಕಾಶವನ್ನೇ ನಿಲ್ಲಿಸುತ್ತದೆ, ಅಳಿಸಿದವೂ ಆ ಲೆಕ್ಕಕ್ಕೆ ಸೇರುತ್ತವೆ. ಹಾಕಿದ ಮತವನ್ನು ಕೆಲವೇ ನಿಮಿಷಗಳ ನಂತರ ಹಿಂಪಡೆಯಲು ಬರುವುದಿಲ್ಲ. ಆದರೆ ನೀವು ಪ್ರಶ್ನೆಯನ್ನು ತಿದ್ದಿದ ಕೂಡಲೇ ಆ ಬೀಗ ತೆರೆಯುತ್ತದೆ, ಮೈನಸ್ ಒತ್ತಿದವರು ಮನಸ್ಸು ಬದಲಿಸಬಹುದು.